ಕವಣೆ ಬೀಸಿದ ಕೈಗೆ ಬೇಸ್‌ಬಾಲ್

‘ಲೇ ದೋಸ್ತ, ಈ ಆಟದಾಗ ಚೆಂಡು ಹೊಡದ ಮ್ಯಾಲೆ ಬ್ಯಾಟ್ ಒಗದು ಓಡಬೇಕಂತ. ಕ್ರಿಕೆಟ್‌ನ್ಯಾಗ ಹಂಗ ಮಾಡಿದ್ರ ಬೈತಾರಲ್ಲ!’

ಎರಡು ವರ್ಷದ ಹಿಂದೆ ಮೂಡಲಗಿಯ ಗೆಳೆಯ ಫೋನಿನಲ್ಲಿ ಹೀಗೆಂದಾಗ ನಾನು ಬಿದ್ದು ಬಿದ್ದು ನಕ್ಕಿದ್ದೆ. ಬೇಸ್‌ಬಾಲ್ ಎಂದರೆ ನನಗೆ ಇಂಗ್ಲಿಷ್ ಸಿನಿಮಾದ ಹುಡುಗರು ಹಾಕುವ ಟೋಪಿ, ಅಷ್ಟೇ. ನಾನು ಕರದಂಟಿನ ಊರು ಗೋಕಾಕಿನವನು. ಅವನು ಮೂಡಲಗಿ ಕಡೆಯವನು. ಇನ್ನೊಬ್ಬ ಹುಕ್ಕೇರಿಯವನು. ಪಿಯುಸಿಯಲ್ಲಿ ಮೂವರೂ ಒಂದೇ ಹಾಸ್ಟೆಲ್ ಕೋಣೆಯಲ್ಲಿದ್ದೆವು. ಆಮೇಲೆ ನಾನು ಬಿ.ಇ. ಸೇರಿದೆ, ಅವರಿಬ್ಬರೂ ಡಿಗ್ರಿ ಸೇರಿದರು. ಅಲ್ಲಿ ದೈಹಿಕ ಶಿಕ್ಷಣದ ಸರ್ ಒಬ್ಬರು ಇವನ ಎಸೆತ ನೋಡಿ, ‘ತಮ್ಮಾ, ಈ ಕೈ ಎಲ್ಲಿ ಕಲ್ತೈತಿ?’ ಎಂದು ಕೇಳಿದರಂತೆ. ‘ಜ್ವಾಳದ ಹೊಲದಾಗ ಹಕ್ಕಿ ಕಾಯಾಕ ಕವಣಿ ಬೀಸ್ತಿದ್ದೆ ಸರ್’ ಎಂದನಂತೆ ಇವನು. ಮರುದಿನವೇ ಅವನು ಕಾಲೇಜು ತಂಡದ ಪಿಚರ್. ಹುಕ್ಕೇರಿಯವನಿಗೆ ಚೆಂಡು ಹಿಡಿಯುವ ಕ್ಯಾಚರ್ ಕೆಲಸ.

ಮೂವರಿಗೂ ಹತ್ತಿರವಾಗುವ ಘಟಪ್ರಭಾದ ಬಯಲಿನಲ್ಲಿ ನಮ್ಮ ಭಾನುವಾರಗಳು ಕಳೆದವು. ಇದ್ದದ್ದು ಎರಡೇ ಗ್ಲೌಸ್. ಒಂದು ಕ್ಯಾಚರ್‌ಗೆ, ಇನ್ನೊಂದನ್ನು ಉಳಿದಿಬ್ಬರು ಪಾಳಿ ಪ್ರಕಾರ ಹಾಕಿಕೊಳ್ಳುತ್ತಿದ್ದೆವು. ಕಬ್ಬಿನ ಗಾಡಿಯವರು ನಿಂತು, ‘ಸ್ಟಂಪ್ ಎಲ್ಲಿ ಅದಾವ್ರೋ?’ ಎಂದು ಕೇಳಿ ಹೋಗುತ್ತಿದ್ದರು.

ಅವರ ತಪ್ಪೇನಿಲ್ಲ. ಸ್ಟಂಪೇ ಇಲ್ಲದ ಆಟ ಇದು. ಒಂದು ತಂಡಕ್ಕೆ ಒಂಬತ್ತು ಮಂದಿ, ಒಂಬತ್ತು ಇನಿಂಗ್ಸ್. ಒಂದು ಬೇಸ್‌ನಿಂದ ಇನ್ನೊಂದಕ್ಕೆ 90 ಅಡಿ. ನಾಲ್ಕೂ ಮೂಲೆ ಸುತ್ತಿ ಮನೆಗೆ, ಅಂದರೆ ಹೋಮ್ ಪ್ಲೇಟಿಗೆ, ಮರಳಿದರೆ ಒಂದು ರನ್. ಮೂರು ಸ್ಟ್ರೈಕ್ ಆದರೆ ಬ್ಯಾಟರ್ ಔಟ್. ಮೂವರು ಔಟಾದರೆ ಪಾಳಿ ಎದುರಾಳಿಗೆ. ಕ್ರಿಕೆಟ್‌ನಂತೆ ಹಿಂದಕ್ಕೆ ಗ್ಲಾನ್ಸ್ ಮಾಡಿ ರನ್ ಕದಿಯುವಂತಿಲ್ಲ. ಎರಡು ಗೆರೆಗಳ ನಡುವಿನ 90 ಡಿಗ್ರಿಯೊಳಗೇ ಚೆಂಡು ಹೋಗಬೇಕು.

ಇನ್ನು ಪಿಚರ್ ಎಸೆಯುವ ಚೆಂಡು ನೆಲಕ್ಕೆ ಬಡಿಯದೆ ನೇರವಾಗಿ ಬರುತ್ತದೆ. ನಮ್ಮ ಭಾಷೆಯಲ್ಲಿ ಎಲ್ಲವೂ ಫುಲ್‌ಟಾಸ್! ‘ಇದರಾಗೇನ್ ಐತಿ?’ ಎಂದು ಬ್ಯಾಟ್ ಹಿಡಿದ ನಾನು ಮೊದಲ ದಿನ ಹತ್ತು ಎಸೆತಕ್ಕೆ ಹತ್ತನ್ನೂ ಬಿಟ್ಟೆ. ರೂಮಿಗೆ ಬಂದು ಲೆಕ್ಕ ಹಾಕಿದೆ. ಪಿಚರ್‌ನಿಂದ ಬ್ಯಾಟರ್‌ಗೆ ಇರುವ ದೂರ 18.44 ಮೀಟರ್. ಗಂಟೆಗೆ 140 ಕಿ.ಮೀ. ವೇಗದಲ್ಲಿ ಎಸೆದರೆ ಚೆಂಡು ತಲುಪಲು ಅರ್ಧ ಸೆಕೆಂಡೂ ಬೇಡ. ಅದರ ಮೇಲೆ ಚೆಂಡಿನಲ್ಲಿ 108 ಹೊಲಿಗೆಗಳಿವೆ. ತಿರುಗುತ್ತ ಬರುವಾಗ ಅವು ಗಾಳಿಯನ್ನು ಒಂದು ಬದಿಗೆ ತಳ್ಳುತ್ತವೆ, ಚೆಂಡು ಇನ್ನೊಂದು ಬದಿಗೆ ಬಾಗುತ್ತದೆ. ಫ್ಲೂಯಿಡ್ ಮೆಕ್ಯಾನಿಕ್ಸ್‌ನಲ್ಲಿ ಅಂಕಕ್ಕಾಗಿ ಬಾಯಿಪಾಠ ಮಾಡಿದ ಮ್ಯಾಗ್ನಸ್ ಪರಿಣಾಮ ನನಗೆ ಅರ್ಥವಾದದ್ದು ಘಟಪ್ರಭಾದ ಬಯಲಿನಲ್ಲಿ.

ಅಮೆರಿಕದಲ್ಲಿ ಕಾಲೇಜು ಬೇಸ್‌ಬಾಲ್ ಎಂದರೆ ಹಬ್ಬ. ‘ಕಾಲೇಜ್ ವರ್ಲ್ಡ್ ಸೀರೀಸ್’ 1947ರಲ್ಲಿ ಶುರುವಾಯಿತು. 1950ರಿಂದ ಅದು ಒಮಾಹಾ ನಗರದಲ್ಲಿ ನಡೆಯುತ್ತಿದೆ. ಕೊನೆಯ ಎಂಟು ತಂಡಗಳು ಅಲ್ಲಿ ಸೇರುತ್ತವೆ. ಒಂದು ಪಂದ್ಯ ಸೋತರೂ ಇನ್ನೊಂದು ಅವಕಾಶ ಉಂಟು, ಎರಡು ಸೋತರೆ ಮನೆಗೆ. ನಮ್ಮಲ್ಲೂ ಭಾರತೀಯ ವಿಶ್ವವಿದ್ಯಾಲಯಗಳ ಸಂಘ ನಡೆಸುವ ಅಖಿಲ ಭಾರತ ಅಂತರ ವಿಶ್ವವಿದ್ಯಾಲಯ ಬೇಸ್‌ಬಾಲ್ ಟೂರ್ನಿ ಇದೆ, ಪುರುಷರಿಗೂ ಮಹಿಳೆಯರಿಗೂ. ಕಾಲೇಜು ತಂಡಗಳಿಂದ ಆಯ್ದವರು ವಿಶ್ವವಿದ್ಯಾಲಯದ ಜೆರ್ಸಿ ತೊಟ್ಟು ಅಲ್ಲಿಗೆ ಹೋಗುತ್ತಾರೆ. ಅಲ್ಲಿ ಟಿ.ವಿ. ಇಲ್ಲ, ಹರಾಜಿಲ್ಲ. ಆದರೂ ಆ ಜೆರ್ಸಿಗಾಗಿ ಹುಡುಗರು ವರ್ಷಗಟ್ಟಲೆ ಬೆವರು ಹರಿಸುತ್ತಾರೆ.

ನಾನೂ ಆಸೆಪಟ್ಟಿದ್ದೆ. ನನ್ನದು ಬೇರೆ ವಿಶ್ವವಿದ್ಯಾಲಯ. ಅದರ ಆಯ್ಕೆ ಶಿಬಿರದ ದಿನವೇ ಇಂಟರ್ನಲ್ಸ್ ಬಂತು. ಒಂದು ಅರ್ಜಿ ಬರೆದುಕೊಟ್ಟಿದ್ದರೆ ಮರುಪರೀಕ್ಷೆ ಸಿಗುತ್ತಿತ್ತೇನೋ. ನಾನು ಕೇಳಲೇ ಇಲ್ಲ. ‘ಸುಮ್ನ ಯಾಕ ರಿಸ್ಕ್’ ಎಂದು ಪರೀಕ್ಷೆಗೆ ಕುಳಿತೆ. ಅಂಕ ಚೆನ್ನಾಗಿಯೇ ಬಂತು. ಆದರೆ ಈಗಲೂ ನೆನಪಾಗುವುದು ಆ ಅಂಕವಲ್ಲ, ಬರೆಯದೇ ಬಿಟ್ಟ ಆ ಅರ್ಜಿ.

ಗೆಳೆಯರಿಬ್ಬರೂ ಆಯ್ಕೆಯಾದರು. ಟೂರ್ನಿ ಉತ್ತರ ಭಾರತದಲ್ಲಿ. ರೈಲಿನಲ್ಲಿ ಎರಡು ರಾತ್ರಿಯ ದಾರಿ. ಎಲ್ಲ ಸರಿಯಾಯಿತು ಎನ್ನುವಾಗ ಮೂಡಲಗಿಯಿಂದ ಫೋನ್. ‘ನಾ ಹೋಗಂಗಿಲ್ಲೋ. ಕಬ್ಬಿನ ಪಾಳಿ ಬಂದೈತಿ.’

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕಾರ್ಖಾನೆಯ ಪಾಳಿ ಬಂದು, ಕಡಿಯುವ ಗ್ಯಾಂಗ್ ಹೊಲಕ್ಕೆ ಇಳಿದ ಮೇಲೆ ಮನೆಯವರೊಬ್ಬರು ನಿಲ್ಲಲೇಬೇಕು. ಪಾಳಿ ತಪ್ಪಿದರೆ ಕಬ್ಬು ಒಣಗುತ್ತದೆ, ತೂಕ ಇಳಿಯುತ್ತದೆ. ಅವನ ಅಪ್ಪನಿಗೆ ಮೊಣಕಾಲು ನೋವು. ಅಣ್ಣ ತಮ್ಮ ಯಾರೂ ಇಲ್ಲ.

ನನಗೆ ಆಗಷ್ಟೇ ಪರೀಕ್ಷೆ ಮುಗಿದಿತ್ತು. ಬಸ್ ಹತ್ತಿ ಅವನ ಮನೆಗೆ ಹೋದೆ. ‘ಕಾಕಾ, ಅವನ ಬದ್ಲಿ ನಾ ಇರ್ತೀನಿ’ ಎಂದೆ.

‘ಚೆಂಡು ಒಗದ್ರ ಹೊಟ್ಟಿ ತುಂಬತೈತೇನು ತಮ್ಮಾ?’

ಉತ್ತರ ನನ್ನ ಬಳಿ ಇರಲಿಲ್ಲ. ಬಾಯಿಗೆ ಬಂದದ್ದು ಹೇಳಿದೆ. ‘ನಾ ಒಮ್ಮಿ ಹೋಗದ ಉಳಿದೀನ್ರಿ ಕಾಕಾ. ಹೊಟ್ಟಿ ತುಂಬೈತಿ, ಆದ್ರ ನೆನಪಾದಾಗೆಲ್ಲ ನಿದ್ದಿ ಬರಂಗಿಲ್ಲ.’ ಅವರು ಏನೂ ಅನ್ನಲಿಲ್ಲ. ಒಳಗಿನಿಂದ ಅವ್ವ ಚಹಾ ತಂದಿಟ್ಟು, ‘ಹೋಗಿ ಬರ್ಲಿ ಬಿಡ್ರಿ’ ಎಂದರು. ಆಯಿತು.

ನಾಲ್ಕು ದಿನ ನಾನು ಕಬ್ಬಿನ ಹೊಲದಲ್ಲಿದ್ದೆ. ಟ್ರಾಲಿ ತುಂಬಿಸಿದೆ, ಚೀಟಿ ಬರೆದಿಟ್ಟೆ. ರವುದಿ ತಾಗಿ ಮೈಯೆಲ್ಲ ತುರಿಸಿತು. ಕಾಕಾ ಬದುವಿನ ಮೇಲೆ ಕುಳಿತು ಇದೆಂಥ ಆಟ ಎಂದು ಕೇಳುತ್ತಿದ್ದರು. ಅವರಿಗೆ ರಿಂಕು ಸಿಂಗ್ ಮತ್ತು ದಿನೇಶ್ ಪಟೇಲ್ ಕಥೆ ಹೇಳಿದೆ. ಆ ರಿಂಕು ಕ್ರಿಕೆಟಿಗನಲ್ಲ. ಉತ್ತರ ಪ್ರದೇಶದ ಹಳ್ಳಿಗಳಿಂದ ಬಂದ ಈ ಇಬ್ಬರೂ ಜಾವೆಲಿನ್ ಎಸೆಯುವವರು. 2008ರಲ್ಲಿ ‘ಮಿಲಿಯನ್ ಡಾಲರ್ ಆರ್ಮ್’ ಎಂಬ ಟಿ.ವಿ. ಸ್ಪರ್ಧೆಯಲ್ಲಿ ಗಮನ ಸೆಳೆದು, ಬೇಸ್‌ಬಾಲ್‌ನ ಗಂಧವೇ ಇಲ್ಲದಿದ್ದರೂ ಅಮೆರಿಕದ ಪಿಟ್ಸ್‌ಬರ್ಗ್ ಪೈರೇಟ್ಸ್ ಜೊತೆ ಒಪ್ಪಂದ ಮಾಡಿಕೊಂಡರು. 2014ರಲ್ಲಿ ಅದು ಸಿನಿಮಾ ಕೂಡ ಆಯಿತು. ಕಾಕಾ ಎಲ್ಲ ಕೇಳಿ, ‘ಅವ್ರೂ ಕವಣಿ ಬೀಸಾವ್ರೇನು?’ ಎಂದರು.

ಪಂದ್ಯದ ದಿನ ಫೋನ್ ಬಂದಾಗ ಮಧ್ಯಾಹ್ನ. ಎರಡು ರನ್ನಿನಿಂದ ಸೋತಿದ್ದರು. ನಾಕೌಟ್ ಆದ್ದರಿಂದ ಅಲ್ಲಿಗೇ ಮುಗಿಯಿತು. ಕಾಕಾ ನನ್ನ ಮುಖವನ್ನೇ ನೋಡುತ್ತಿದ್ದರು.

‘ಗೆದ್ದನೇನು?’

‘ಸೋತ್ರು ಕಾಕಾ. ಆದ್ರ ನಿಮ್ಮ ಮಗ ಒಬ್ಬನ ಐದು ಮಂದಿನ್ನ ಸ್ಟ್ರೈಕ್‌ಔಟ್ ಮಾಡ್ಯಾನ.’

ಅವರು ತುಸು ಹೊತ್ತು ಸುಮ್ಮನಿದ್ದರು. ತಲೆಯ ಟವೆಲ್ ಕೊಡವಿ ಎದ್ದರು. ‘ಯಾವ ಗಾಡಿಗೆ ಬರ್ತಾನ ಕೇಳು. ಸ್ಟೇಶನ್‌ಗೆ ನಾನೂ ಬರ್ತೀನಿ.’

ಘಟಪ್ರಭಾ ನಿಲ್ದಾಣದಲ್ಲಿ ಇಬ್ಬರೂ ಇಳಿದಾಗ ಪದಕ ಇರಲಿಲ್ಲ, ಹಾರ ಇರಲಿಲ್ಲ. ಬೆನ್ನ ಮೇಲೆ ವಿಶ್ವವಿದ್ಯಾಲಯದ ಹೆಸರಿದ್ದ ಮಣ್ಣಾದ ಜೆರ್ಸಿ ಇತ್ತು. ಕಾಕಾ ಮಗನ ಬಲಗೈ ಹಿಡಿದು ಭುಜವನ್ನೊಮ್ಮೆ ಒತ್ತಿ ನೋಡಿದರು. ‘ನೋಯ್ತೈತೇನು?’ ಅಂದದ್ದು ಅಷ್ಟೇ.

2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೆ ಕ್ರಿಕೆಟ್ ಜೊತೆಗೆ ಬೇಸ್‌ಬಾಲ್ ಕೂಡ ಮರಳುತ್ತಿದೆ. ನಮ್ಮ ಮೂವರಲ್ಲಿ ಯಾರೂ ಅಲ್ಲಿಗೆ ಹೋಗುವುದಿಲ್ಲ, ಗೊತ್ತಿದೆ. ಆದರೆ ಮುಂದಿನ ಆಯ್ಕೆ ಶಿಬಿರದ ದಿನ ಇಂಟರ್ನಲ್ಸ್ ಬಂದರೆ ಇರಲಿ ಎಂದು ಅರ್ಜಿಯೊಂದನ್ನು ಈಗಲೇ ಬರೆದಿಟ್ಟಿದ್ದೇನೆ. ದಿನಾಂಕವೊಂದನ್ನು ತುಂಬುವುದು ಬಾಕಿ.

– ಬಿ.ಇ. ವಿದ್ಯಾರ್ಥಿ, ಗೋಕಾಕ