ಜ್ವಾಲಾಮುಖಿಯ ಗಂಧಕ ಮತ್ತು ಬೇಸಿಗೆಯಿಲ್ಲದ ವರ್ಷ

1816 ರ ಜೂನ್ ತಿಂಗಳು ಅಮೆರಿಕದ ಈಶಾನ್ಯ ಭಾಗದ ರೈತರಿಗೆ ಬೇಸಿಗೆಯ ಆರಂಭಕಾಲ. ಹೊಲಗಳಲ್ಲಿ ಮುಸುಕಿನ ಜೋಳದ ಎಳೆಯ ಪೈರು ನಿಂತಿತ್ತು. ಆಗ ಅಕಾಲದಲ್ಲಿ ಹಿಮ ಬಿದ್ದು ಪೈರು ಸತ್ತಿತು. ಛಲಬಿಡದೆ ಮತ್ತೆ ಬಿತ್ತಿದವರ ಬೆಳೆಯೂ ಜುಲೈ, ಆಗಸ್ಟ್ ತಿಂಗಳ ಕೊರೆಯುವ ರಾತ್ರಿಗಳಿಗೆ ಬಲಿಯಾಯಿತು. ಮರುವರ್ಷ ಬಿತ್ತನೆ ಬೀಜಕ್ಕೂ ಪರದಾಡಬೇಕಾಯಿತು. ಅದೇ ವರ್ಷ ಸ್ವಿಟ್ಜರ್ಲೆಂಡ್ ಮತ್ತು ದಕ್ಷಿಣ ಜರ್ಮನಿಯಲ್ಲಿ ಚಳಿ ಮತ್ತು ಎಡೆಬಿಡದ ಮಳೆಯಿಂದ ಬೆಳೆ ಕೆಟ್ಟು ಕ್ಷಾಮ ತಲೆದೋರಿತು.

ಈ ಅನಾಹುತದ ಮೂಲ ಬಹು ದೂರದಲ್ಲಿತ್ತು. 1815 ರ ಏಪ್ರಿಲ್‌ನಲ್ಲಿ ಇಂಡೋನೇಷ್ಯಾದ ಸುಂಬಾವಾ ದ್ವೀಪದ ತಂಬೋರಾ ಜ್ವಾಲಾಮುಖಿ ಸ್ಫೋಟಿಸಿತ್ತು. ಆದರೆ ಈ ಎರಡಕ್ಕೂ ಇರುವ ಸಂಬಂಧ ಅಂದಿನ ರೈತರಿಗೆ ತಿಳಿದಿರಲಿಲ್ಲ.

ತಂಪಿಗೆ ಕಾರಣವೇನು?

ಜ್ವಾಲಾಮುಖಿಯ ಬೂದಿಯೇ ಬಿಸಿಲನ್ನು ತಡೆಯುತ್ತದೆ ಎಂಬ ಭಾವನೆ ಸಾಮಾನ್ಯ. ಆದರೆ ಬೂದಿಯ ಕಣಗಳು ಭಾರವಾದುದರಿಂದ ಬಹುಪಾಲು ಕೆಲವೇ ದಿನಗಳಲ್ಲಿ ನೆಲಕ್ಕೆ ಇಳಿಯುತ್ತವೆ. ಹವಾಗುಣವನ್ನು ಬದಲಿಸುವುದು ಮುಖ್ಯವಾಗಿ ಗಂಧಕದ ಡೈಆಕ್ಸೈಡ್ ಅನಿಲ. ಬೂದಿರೋಗ ತಡೆಯಲು ರೈತರು ದ್ರಾಕ್ಷಿಗೆ ಬಳಸುವ ಗಂಧಕವೇ ಇದರಲ್ಲಿರುವ ಮೂಲವಸ್ತು. ಈ ಅನಿಲ ಮೋಡಗಳನ್ನೂ ದಾಟಿ ವಾಯುಮಂಡಲದ ಮೇಲ್ಪದರವನ್ನು ಸೇರಿದರೆ, ಅಲ್ಲಿನ ನೀರಿನ ಆವಿಯೊಡನೆ ಕೂಡಿ ಗಂಧಕಾಮ್ಲದ ಸೂಕ್ಷ್ಮ ಹನಿಗಳಾಗುತ್ತದೆ. ಅಲ್ಲಿ ಅವುಗಳನ್ನು ತೊಳೆಯಲು ಮಳೆಯಿಲ್ಲ. ಆದುದರಿಂದ ಒಂದೆರಡು ವರ್ಷ ಅಲ್ಲಿಯೇ ಉಳಿದು, ಸಸಿಮಡಿಯ ಮೇಲಿನ ತೆಳು ಚಪ್ಪರದಂತೆ, ಬಿಸಿಲಿನ ಒಂದು ಪಾಲನ್ನು ನೆಲಕ್ಕೆ ಬಿಡುವುದಿಲ್ಲ.

1991 ರ ಜೂನ್‌ನಲ್ಲಿ ಫಿಲಿಪೈನ್ಸ್‌ನ ಪಿನಾಟುಬೋ ಜ್ವಾಲಾಮುಖಿ ಸ್ಫೋಟಿಸಿದಾಗ ಇದನ್ನು ಉಪಗ್ರಹಗಳ ನೆರವಿನಿಂದ ಅಳೆಯಲಾಯಿತು. ಸುಮಾರು 150 ರಿಂದ 200 ಲಕ್ಷ ಟನ್ ಅನಿಲ ಮೇಲೇರಿತ್ತು. ಮರುವರ್ಷ ಭೂಮಿಯ ಸರಾಸರಿ ಉಷ್ಣತೆ ಸುಮಾರು ಅರ್ಧ ಡಿಗ್ರಿ ಸೆಲ್ಸಿಯಸ್ ಇಳಿಯಿತು. 1980 ರಲ್ಲಿ ಅಮೆರಿಕದ ಸೇಂಟ್ ಹೆಲೆನ್ಸ್ ಪರ್ವತ ಅಪಾರ ಬೂದಿ ಉಗುಳಿದರೂ ಗಂಧಕ ಕಡಿಮೆಯಿದ್ದುದರಿಂದ ಭೂಮಿ ಗಮನಾರ್ಹವಾಗಿ ತಂಪಾಗಲಿಲ್ಲ.

ಅರ್ಧ ಡಿಗ್ರಿಯಿಂದ ಬೆಳೆಹಾನಿ ಹೇಗೆ?

ಅರ್ಧ ಡಿಗ್ರಿ ಅಲ್ಪವೆನಿಸಬಹುದು. ಆದರೆ ಅದು ಇಡೀ ಭೂಮಿಯ ವರ್ಷದ ಸರಾಸರಿ. ಈ ಇಳಿತ ಎಲ್ಲ ಕಡೆ, ಎಲ್ಲ ದಿನ ಸಮನಾಗಿ ಹಂಚಿಕೆಯಾಗುವುದಿಲ್ಲ. ಗಾಳಿ ಮತ್ತು ಮಳೆಯ ಕ್ರಮವೂ ಏರುಪೇರಾಗುತ್ತದೆ. ಎಳೆಯ ಪೈರನ್ನು ಕೊಲ್ಲಲು ಹೆಪ್ಪುಗಟ್ಟಿಸುವ ಒಂದು ರಾತ್ರಿ ಸಾಕು.

1816 ರಲ್ಲಿ ಅಮೆರಿಕದಲ್ಲಿ ಚಳಿ ತಡೆಯುವ ಗೋಧಿ ಮತ್ತು ರೈ ಬೆಳೆಗಳು ಮುಸುಕಿನ ಜೋಳದಷ್ಟು ಕೆಡಲಿಲ್ಲ. ಜೋಳವೊಂದನ್ನೇ ನಂಬಿದವರು ಹೆಚ್ಚು ನೊಂದರು. ಜರ್ಮನಿಯ ವುರ್ಟೆಂಬರ್ಗ್ ರಾಜ್ಯದಲ್ಲಿ ಕ್ಷಾಮದ ಕಹಿ ಅನುಭವದಿಂದ ದೊರೆ ಒಂದನೇ ವಿಲ್ಹೆಲ್ಮ್ 1818 ರಲ್ಲಿ ಹೋಹೆನ್‌ಹೈಮ್‌ನಲ್ಲಿ ಕೃಷಿ ಶಾಲೆಯನ್ನು ಸ್ಥಾಪಿಸಿದನು. ಅದು ಇಂದು ವಿಶ್ವವಿದ್ಯಾನಿಲಯವಾಗಿದೆ.

ಜ್ವಾಲಾಮುಖಿಯನ್ನು ತಡೆಯುವುದು ಮನುಷ್ಯನ ಕೈಯಲ್ಲಿಲ್ಲ. ಒಂದೇ ಬೆಳೆಗೆ ಜೋತುಬೀಳದಿರುವುದು ಮತ್ತು ಮರುವರ್ಷದ ಬೀಜವನ್ನು ಜೋಪಾನವಾಗಿಡುವುದು ಮಾತ್ರ ರೈತನ ಕೈಯಲ್ಲಿದೆ.