ಕಲ್ಲಿನ ರಥಕ್ಕೆ ಮೂರು ನೋಟ

ಹೊಸಪೇಟೆಯ ಕಡೆ ಹೋದವರಲ್ಲಿ ಹಂಪೆಯ ಕಲ್ಲಿನ ರಥವನ್ನು ಕಾಣದವರು ಕಡಿಮೆ. ಅದರ ನೆತ್ತಿಯ ಮೇಲೆ ಹಿಂದೆ ಇಟ್ಟಿಗೆಯ ಶಿಖರವೊಂದಿದ್ದಿತೆಂದು ಬಲ್ಲವರೂ ಕಡಿಮೆಯೇ. 1856ರಲ್ಲಿ ಅಲೆಗ್ಸಾಂಡರ್ ಗ್ರೀನ್‌ಲಾ ತೆಗೆದ ಛಾಯಾಚಿತ್ರದಲ್ಲಿ ಅದಿದೆ.

ಆ ಶಿಖರವನ್ನು ಗಣಕಯಂತ್ರದಲ್ಲಿ ಮರಳಿ ನಿಲ್ಲಿಸಲೆಳಸುವವನು ಆಟಗಳ ಲೋಕವನ್ನು ಕಟ್ಟುವ ಅನ್‌ರಿಯಲ್ ಎಂಜಿನ್ ತಂತ್ರಾಂಶವನ್ನು ಆಶ್ರಯಿಸಬಹುದು. ರಥವನ್ನು ಲೇಸರ್ ಕಿರಣದಿಂದ ಅಂಗುಲ ಅಂಗುಲವಾಗಿ ಅಳೆಯಬಹುದು. ಶಿಖರಕ್ಕಾದರೋ ಹಳೆಯ ಚಿತ್ರವೂ ಊಹೆಯೂ ಆಧಾರ.

ಅಲ್ಲಿ ಒಂದೇ ದೃಶ್ಯವನ್ನು ಹಲವು ಬಗೆಯಲ್ಲಿ ನೋಡಲು ಅನುಕೂಲವಿದೆ. ಆಲ್ಟ್ ಕೀಲಿಯೊಡನೆ 4ನ್ನು ಒತ್ತಿದರೆ ಬಿಸಿಲು ನೆರಳುಗಳೆಲ್ಲ ಕೂಡಿದ ನೋಟ. ಕಲ್ಲೂ ಇಟ್ಟಿಗೆಯೂ ಸಮನಾಗಿ ನಂಬಿಸುತ್ತವೆ, ಮೋಸವಿರುವುದೂ ಇಲ್ಲಿಯೇ. 3ನ್ನು ಒತ್ತಿದರೆ ಬೆಳಕು ಅಳಿದು ಬಣ್ಣವಷ್ಟೇ ಉಳಿಯುತ್ತದೆ. ಬಣ್ಣಕ್ಕೆಂದು ತೆಗೆದ ಫೋಟೋಗಳೊಡನೆ ಅಂಟಿಬಂದ ಹಂಪೆಯ ನಿಜವಾದ ನೆರಳು ಆಗ ಕಲೆಯಂತೆ ಎದ್ದು ಕಾಣುತ್ತದೆ. ಅದನ್ನು ತೊಡೆಯದಿದ್ದರೆ ಒಂದು ರಥಕ್ಕೆ ಇಬ್ಬರು ಸೂರ್ಯರು!

2ಕ್ಕೆ ಬಂದರೆ ಹೊರಮೈಯೇ ಕಳಚಿ ಗೆರೆಗಳ ಬಲೆ ಮಾತ್ರ. ಅಳೆದ ರಥದಲ್ಲಿ ತ್ರಿಕೋನಗಳು ಇರುವೆಸಾಲಿನಂತೆ ಒತ್ತೊತ್ತಾಗಿರುತ್ತವೆ. ಕೈಯಿಂದ ರೂಪಿಸಿದ ಶಿಖರದಲ್ಲಿ ಅವು ಸಾಮಾನ್ಯವಾಗಿ ದೊಡ್ಡವು, ವಿರಳ. ವಸ್ತುಸಂಗ್ರಹಾಲಯದ ತೆರೆಯಲ್ಲಿ ಪ್ರೇಕ್ಷಕನಿಗೆ ಈ ನೋಟವನ್ನೂ ಒಮ್ಮೆ ತೋರಿಸುವುದೇ ನ್ಯಾಯ. ಅಳತೆ ಎಲ್ಲಿ ಮುಗಿದು ಊಹೆ ಎಲ್ಲಿ ತೊಡಗಿತೆಂಬುದನ್ನು ಅವನು ಆ ಗೆರೆಗಳಲ್ಲಿಯೇ ಓದಿಕೊಳ್ಳಬಲ್ಲನು. ಗ್ರೀನ್‌ಲಾನ ಚಿತ್ರಕ್ಕೆ ಸಿಕ್ಕದ ಶಿಖರದ ಬೆನ್ನಿನ ಬದಿಯಲ್ಲಂತೂ ಇನ್ನೂ ಸ್ಪಷ್ಟವಾಗಿ.