ಹೆರಿಗೆ ಚೀಲಕ್ಕೆ ಗಿರಾಕಿ ಯಾರು?

ಹೆರಿಗೆಗೆ ಬೇಕಾದ ಸಾಮಾನು ಬಹಳವೇನಿಲ್ಲ. ಮಲಗಲು ಶುಚಿಯಾದ ಹಾಸು, ಕೈ ತೊಳೆಯಲು ಸೋಪು, ಹೊಕ್ಕುಳಬಳ್ಳಿ ಕತ್ತರಿಸಲು ಹೊಸ ಬ್ಲೇಡು, ಬಿಗಿಯಲು ಒಂದು ಕ್ಲಿಪ್ಪು. ಇಷ್ಟೂ ಹೊತ್ತಿಗೆ ಸರಿಯಾಗಿ ಒಂದೆಡೆ ಸಿಗದೆ ನಂಜೇರಿ ತೀರಿಕೊಂಡ ಬಾಣಂತಿಯರು, ಧನುರ್ವಾಯುವಿಗೆ ತುತ್ತಾದ ಹಸುಗೂಸುಗಳು ನಮ್ಮಲ್ಲಿ ಲೆಕ್ಕವಿಲ್ಲದಷ್ಟು. ಚೆನ್ನೈನ ಜುಬೈದಾ ಬಾಯಿ ಈ ಸಾಮಾನನ್ನೆಲ್ಲ ಒಂದು ಚೀಲಕ್ಕೆ ಹಾಕಿ ಮಾರಲು ಹೊರಟರು.

ಅವರು ಓದಿದ್ದು ಮೆಕ್ಯಾನಿಕಲ್ ಎಂಜಿನಿಯರಿಂಗ್. ಮೊದಲ ಹೆರಿಗೆಯ ನಂತರ ಸೋಂಕು ತಗುಲಿ ಬಹುಕಾಲ ನರಳಿದ್ದರು. ಮುಂದೆ ರಾಜಸ್ಥಾನದ ಹಳ್ಳಿಯೊಂದರಲ್ಲಿ, ಆಗಷ್ಟೇ ಹೆರಿಗೆ ಮಾಡಿಸಿದ್ದ ಸೂಲಗಿತ್ತಿಯೊಬ್ಬಳು ಬಳ್ಳಿ ಕೊಯ್ದದ್ದು ಹುಲ್ಲು ಕೊಯ್ಯುವ ಕುಡುಗೋಲಿನಲ್ಲಿ ಎಂದು ತಿಳಿದು ದಂಗಾದದ್ದನ್ನು ಅವರೇ ಹೇಳಿಕೊಂಡಿದ್ದಾರೆ. 2010ರಲ್ಲಿ ಅವರ ‘ಐಜ್’ ಸಂಸ್ಥೆ ಹುಟ್ಟಿತು. ಅದರ ‘ಜನ್ಮ’ ಕಿಟ್‌ನ ಬೆಲೆ ಆಗ ಎರಡು-ಮೂರು ಡಾಲರ್ ಇತ್ತು. ಶುರುವಿನಲ್ಲಿ ಅದು ಸೆಣಬಿನ ಚೀಲದಲ್ಲಿ ಬರುತ್ತಿತ್ತು. ಹೆರಿಗೆ ಮುಗಿದ ಮೇಲೆ ತಾಯಿ ಅದನ್ನು ಕೈಚೀಲ ಮಾಡಿಕೊಳ್ಳಬಹುದಿತ್ತು. ಬಡವರಿಗೆ ಮಾಡಿದ ವಸ್ತು ಬಡಕಲಾಗಿಯೇ ಇರಬೇಕೆಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿರುವುದರಿಂದ, ನನಗೆ ಆ ಚೀಲ ಇಷ್ಟವಾಯಿತು.

ಸೂಲಗಿತ್ತಿಯರನ್ನು ದೂರಿ ಫಲವಿಲ್ಲ. ಪಾವಗಡ ತಾಲ್ಲೂಕಿನ ಕೃಷ್ಣಾಪುರದ ನರಸಮ್ಮ ಸಾವಿರಾರು ಹೆರಿಗೆ ಮಾಡಿಸಿ 2018ರಲ್ಲಿ ಪದ್ಮಶ್ರೀ ಪಡೆದವರು. ಇಂಥವರ ಕೈಗುಣ, ತಾಳ್ಮೆಗಳನ್ನು ಯಾವ ಕಂಪನಿಯೂ ತಯಾರಿಸಲಾರದು. ಬ್ಲೇಡನ್ನು ತಯಾರಿಸಬಹುದು, ಅವರ ಕೈಗೆ ತಲುಪಿಸಲೂಬಹುದು.

ಆದರೆ ದುಡ್ಡು ಕೊಡುವವರು ಯಾರು? ಬಸುರಿಗೆ ಕಿಟ್ ಬೇಕು, ಆದರೆ ಮನೆಯ ದುಡ್ಡಿನ ಗಂಟು ಅತ್ತೆಯ ಬಳಿಯೋ ಗಂಡನ ಜೇಬಿನಲ್ಲೋ ಇರುತ್ತದೆ. ಹೆರಿಗೆ ಸುಸೂತ್ರವಾಗಿ ಆದರೆ, ಕಿಟ್‌ನಿಂದಲೇ ಆಯಿತೆಂದು ಯಾರಿಗೂ ಅನಿಸುವುದಿಲ್ಲ. ಆಗದೇ ಹೋದ ಅನಾಹುತಕ್ಕೆ ಬೆಲೆ ಕೊಡಿ ಎಂದು ಕೇಳುವ ವ್ಯಾಪಾರವಿದು. ಸಾಲದ್ದಕ್ಕೆ ಹೆರಿಗೆಯ ಜಾಗವೇ ಬದಲಾಯಿತು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 2005-06ರಲ್ಲಿ ದೇಶದ ಶೇ 39ರಷ್ಟು ಹೆರಿಗೆಗಳು ಆಸ್ಪತ್ರೆಗಳಲ್ಲಿ ಆಗುತ್ತಿದ್ದವು. 2019-21ರ ಹೊತ್ತಿಗೆ ಅದು ಶೇ 89ರ ಸಮೀಪಕ್ಕೆ ಬಂತು. ಕರ್ನಾಟಕದಲ್ಲಿ ಶೇ 97. ಹಾಗೆಂದು ಕಿಟ್ ಬೇಡವಾಯಿತೆ? ಗ್ಲೌಸು, ಬ್ಲೇಡು, ಪ್ಯಾಡು ಎಂದು ಬರೆದ ಚೀಟಿ ಹಿಡಿದು ಅಪರಾತ್ರಿಯಲ್ಲಿ ಮೆಡಿಕಲ್ ಶಾಪಿಗೆ ಓಡಿದ ಗಂಡಂದಿರನ್ನು ಕೇಳಿ ನೋಡಿ. ಐಜ್ ಕೂಡ ಆಸ್ಪತ್ರೆ ಮತ್ತು ಸ್ವಯಂಸೇವಾ ಸಂಸ್ಥೆಗಳತ್ತ ಮುಖ ಮಾಡಿತು. ಹೆರಿಗೆ ವಾರ್ಡಿನ ನರ್ಸ್‌ಗೆ, ಒಂದು ಕವರ್ ಹರಿದರೆ ಬೇಕಾದದ್ದೆಲ್ಲ ಕೈಗೆ ಸಿಗುವುದೇ ದೊಡ್ಡ ಉಪಕಾರ.

ದುಡ್ಡು ಕೊಡುವ ಗಿರಾಕಿಯನ್ನು ಹುಡುಕುವ ವಿಷಯದಲ್ಲಿ ಬೆಂಗಳೂರಿನಲ್ಲಿ ಬೇರೂರಿದ ‘ಎಂಬ್ರೇಸ್’ನದೂ ಇದೇ ಪಾಡು. 2007ರಲ್ಲಿ ಸ್ಟ್ಯಾನ್‌ಫರ್ಡ್ ವಿದ್ಯಾರ್ಥಿಗಳ ಪ್ರಾಜೆಕ್ಟಾಗಿ ಹುಟ್ಟಿದ ಇದು, ದಿನ ತುಂಬದೆ ಹುಟ್ಟಿದ ಕೂಸನ್ನು ಬೆಚ್ಚಗಿಡುವ ಪುಟ್ಟ ಚೀಲ. ಒಳಗಿನ ಮೇಣದಂಥ ವಸ್ತುವನ್ನು ಒಮ್ಮೆ ಕಾಯಿಸಿದರೆ ಕೆಲವು ಗಂಟೆಗಳ ಕಾಲ 37 ಡಿಗ್ರಿಯ ಆಸುಪಾಸಿನಲ್ಲಿ ನಿಲ್ಲುತ್ತದೆ. ಮೊದಲ ಮಾದರಿ ಉಷ್ಣಾಂಶದ ಅಂಕಿ ತೋರಿಸುತ್ತಿತ್ತು. ಡಾಕ್ಟರು 37 ಅಂದರೂ ಇಂಗ್ಲಿಷ್ ಮದ್ದು ತೀಕ್ಷ್ಣ, ಕೂಸಿಗೆ 30 ಸಾಕು ಎಂದಳಂತೆ ಒಬ್ಬ ತಾಯಿ. ಅಂಕಿಯನ್ನು ತೆಗೆದು, ಸರಿಯಿದೆ-ಸರಿಯಿಲ್ಲ ಎಂಬ ಗುರುತನ್ನಷ್ಟೇ ಉಳಿಸಿದರು. ಆ ತಾಯಿ ಕೊಟ್ಟ ಪಾಠ ಯಾವ ಲ್ಯಾಬಿನಲ್ಲೂ ಸಿಗುತ್ತಿರಲಿಲ್ಲ. ಹಣದ ಗಂಟು ಮಾತ್ರ ಸುಲಭವಾಗಿ ಬಿಚ್ಚಲಿಲ್ಲ. ಮುಂದೆ ಅಮೆರಿಕದ ತಾಯಂದಿರಿಗೆ ‘ಲಿಟಲ್ ಲೋಟಸ್’ ಹೆಸರಿನ ಮಗುವಿನ ಹೊದಿಕೆ ಮಾರಿ, ಅದರ ನೆರವಿನಿಂದ ಇಲ್ಲಿನ ಕೂಸುಗಳಿಗೆ ಚೀಲ ಒದಗಿಸುವ ದಾರಿ ಹಿಡಿದರು.

ಕೊನೆಗೆ ದೊಡ್ಡ ಗಿರಾಕಿ ಸರ್ಕಾರವೇ. ಕರ್ನಾಟಕ 2007ರಲ್ಲಿ ಶುರುಮಾಡಿದ ‘ಮಡಿಲು’ ಯೋಜನೆ, ಸರ್ಕಾರಿ ಆಸ್ಪತ್ರೆಯಲ್ಲಿ ಹೆತ್ತ ಬಡ ಬಾಣಂತಿಗೆ ಸೊಳ್ಳೆಪರದೆ, ಸೋಪು ಸೇರಿ 19 ಸಾಮಾನುಗಳ ಕಿಟ್ಟನ್ನು ಪುಕ್ಕಟೆಯಾಗಿ ಕೊಟ್ಟಿತು. ಪುಕ್ಕಟೆಯ ಎದುರು ಯಾವ ಉದ್ಯಮಿಯೂ ಅಂಗಡಿ ತೆರೆಯಲಾರ; ಸರ್ಕಾರಕ್ಕೆ ಮಾರಬೇಕೆಂದರೆ ಟೆಂಡರ್ ಗೆಲ್ಲಬೇಕು. ಟೆಂಡರಿನಲ್ಲಿ ಸಾಮಾನ್ಯವಾಗಿ ಗೆಲ್ಲುವುದು ಅತಿ ಕಡಿಮೆ ದರ. ಹಾಸು ಎಷ್ಟು ರಕ್ತ ಹೀರುತ್ತದೆ, ಕ್ಲಿಪ್ಪು ಜಾರುತ್ತದೆಯೇ ಎಂಬುದು ಆ ಕಾಗದದಲ್ಲಿ ಕಾಣುವುದಿಲ್ಲ. ದರ ತೆರೆಯುವ ಮುನ್ನ ನಾಲ್ಕು ಕಿಟ್‌ಗಳನ್ನು ಹೆರಿಗೆ ವಾರ್ಡಿನ ಹಿರಿಯ ನರ್ಸ್‌ಗಳಿಗೆ ಬಳಸಲು ಕೊಟ್ಟು, ಅವರ ಮಾತಿಗೂ ಅಂಕ ಇಡುವುದೇನೂ ಕಷ್ಟದ ಕೆಲಸವಲ್ಲ.